ಗಾಳದ ಜಾಡು ಹಿಡಿದ ಸಿನೊಟೊ

ಟೋಕಿಯೊದಲ್ಲಿ 1924ರಲ್ಲಿ ಹುಟ್ಟಿದ ಯೋಶಿಹಿಕೊ ಸಿನೊಟೊ 1954ರಲ್ಲಿ ಹಡಗು ಹತ್ತಿದ್ದು ಕ್ಯಾಲಿಫೋರ್ನಿಯಾದಲ್ಲಿ ಓದಲೆಂದು. ದಾರಿಯಲ್ಲಿ ಹವಾಯಿಗೆ ಇಳಿದವರನ್ನು ಬಿಷಪ್ ಮ್ಯೂಸಿಯಂನ ಕೆನೆತ್ ಎಮೊರಿ ಅಲ್ಲಿನ ಉತ್ಖನನಕ್ಕೆ ಕರೆದರು. ಸಿನೊಟೊ ಮುಂದಿನ ಪ್ರಯಾಣವನ್ನೇ ಕೈಬಿಟ್ಟರು.

ಮಡಕೆ ಚೂರು ಪುರಾತತ್ವಜ್ಞರ ಪಾಲಿಗೆ ಪಂಚಾಂಗವಿದ್ದಂತೆ. ಅದನ್ನು ನೋಡಿಯೇ ಮಣ್ಣಿನ ಪದರದ ಕಾಲ ಹೇಳುತ್ತಾರೆ. ಹವಾಯಿಯ ಹಳಬರು ಮಡಕೆ ಮಾಡುತ್ತಿರಲಿಲ್ಲ. ದ್ವೀಪದ ದಕ್ಷಿಣ ತುದಿಯ ಮರಳಿನಲ್ಲಿ ರಾಶಿಗಟ್ಟಲೆ ಸಿಕ್ಕಿದ್ದು ಮೂಳೆಯಲ್ಲಿ, ಚಿಪ್ಪಿನಲ್ಲಿ ಕೊರೆದ ಮೀನಿನ ಗಾಳಗಳು. ಎಮೊರಿ ಮತ್ತು ವಿಲಿಯಂ ಬಾಂಕ್ ಜತೆ ಸಿನೊಟೊ ಅವುಗಳನ್ನೇ ಒಂದೊಂದಾಗಿ ಪರೀಕ್ಷಿಸಿದರು. ಗಾಳ ಒಂದೇ ತುಂಡಿನದೋ, ಎರಡು ತುಂಡು ಬಿಗಿದದ್ದೋ? ದಾರ ಕಟ್ಟುವ ತಲೆಗೆ ಕಚ್ಚು ಹಾಕಿದೆಯೋ, ಗುಬುಟು ಬಿಟ್ಟಿದೆಯೋ? ಪದರದಿಂದ ಪದರಕ್ಕೆ ಈ ತಲೆಕಟ್ಟು ಬದಲಾಗುವುದನ್ನು ಅವರು ಹಿಡಿದರು. 1959ರಲ್ಲಿ ಮೂವರ ಪುಸ್ತಕ ಬಂತು. ಆಮೇಲೆ ಮಾರ್ಕೆಸಸ್ ದ್ವೀಪಗಳಲ್ಲಿ ಅಗೆದಾಗ ಸಿಕ್ಕ ಗಾಳಗಳನ್ನು ಹವಾಯಿಯವುಗಳ ಪಕ್ಕದಲ್ಲಿಟ್ಟು ನೋಡಿದ ಸಿನೊಟೊ, ಜನ ಅಲ್ಲಿಂದ ಇಲ್ಲಿಗೆ ಬಂದರೆಂದು ವಾದಿಸಿದರು.

ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1947ರಲ್ಲಿ ಥಾರ್ ಹೆಯರ್‌ಡಾಲ್ ಪೆರುವಿನಿಂದ ತೆಪ್ಪದಲ್ಲಿ ತೇಲಿಬಂದು, ಹವಾಯಿ, ಮಾರ್ಕೆಸಸ್‌ಗಳೂ ಸೇರಿದ ಪಾಲಿನೇಷ್ಯಕ್ಕೆ ಅಮೆರಿಕದಿಂದ ಜನ ಬಂದಿರಬಹುದೆಂದಿದ್ದರು. ದೂರದ ದ್ವೀಪಗಳಿಗೆ ಜನ ಗಾಳಿಗೆ ಸಿಕ್ಕಿ, ದಾರಿ ತಪ್ಪಿ ಸೇರಿದರೆಂಬುದು 1956ರಲ್ಲಿ ಆಂಡ್ರೂ ಶಾರ್ಪ್ ಮಂಡಿಸಿದ ವಾದ. ಒಂದು ಇಡೀ ಜನಾಂಗದ ನಾವಿಕ ವಿದ್ಯೆಯನ್ನೇ ಅಲ್ಲಗಳೆಯುವ ಮಾತದು.

1970ರ ದಶಕದಲ್ಲಿ ಟಹೀಟಿ ಬಳಿಯ ಹುವಾಹಿನೆ ದ್ವೀಪದಲ್ಲಿ ಹೋಟೆಲ್ ಕಟ್ಟಲು ನೆಲ ತೋಡಿದರು. ನೀರು ನಿಂತ ಕೆಸರಿನಲ್ಲಿ ಮರದ ಸಾಮಾನು ಕೊಳೆಯದೆ ಉಳಿದಿತ್ತು. ಸಿನೊಟೊ ಅಲ್ಲಿ ಸುಮಾರು 7 ಮೀಟರ್ ಉದ್ದದ ದೋಣಿ ಹಲಗೆಗಳನ್ನೂ ದೊಡ್ಡ ಚುಕ್ಕಾಣಿ ಹುಟ್ಟನ್ನೂ ಹೊರತೆಗೆದರು. ಅದುವರೆಗೆ ನ್ಯೂಜಿಲೆಂಡಿನ ಮಾವೊರಿಗಳದೇ ಎಂದುಕೊಂಡಿದ್ದ ‘ಪಟು’ ಎಂಬ ಗದೆಗಳೂ ಅಲ್ಲೇ ಸಿಕ್ಕವು. ಕಡಲಯಾನ ನಡೆಸಿದವರ ದೋಣಿಯೇ ಹೀಗೆ ಕೈಗೆ ಸಿಗುವುದು ಎಷ್ಟು ಅಪರೂಪ! ದಿಕ್ಕು ತಿಳಿದೇ ಇಷ್ಟು ದೂರದ ಕಡಲು ದಾಟಬಹುದೆಂಬುದಕ್ಕೆ ಅದೇ ದಶಕದಲ್ಲಿ ಸಾಕ್ಷಿಯೂ ಸಿಕ್ಕಿತು: 1976ರಲ್ಲಿ ನಾವಿಕ ಮೌ ಪಿಯಾಯ್‌ಲುಗ್ ಉಪಕರಣಗಳಿಲ್ಲದೆ ನಕ್ಷತ್ರ, ಅಲೆಗಳನ್ನು ನೋಡಿಕೊಂಡೇ ‘ಹೊಕುಲೆಆ’ ಜೋಡಿದೋಣಿಯನ್ನು ಹವಾಯಿಯಿಂದ ಟಹೀಟಿಗೆ ಮುಟ್ಟಿಸಿದರು.

ಹುವಾಹಿನೆಯ ಮಾಯೆವಾದಲ್ಲಿ ಕುಸಿದಿದ್ದ ‘ಮರಾಯೆ’ಗಳನ್ನು, ಅಂದರೆ ಕಲ್ಲಿನ ಪೂಜಾಸ್ಥಳಗಳನ್ನು, ಊರವರೊಡನೆ ನಿಂತು ಮತ್ತೆ ಎತ್ತಿ ಕಟ್ಟಿಸಿದವರೂ ಸಿನೊಟೊ. ನನಗೆ ಅವರ ಗಾಳಗಳಷ್ಟೇ ಇದೂ ದೊಡ್ಡದೆನಿಸುತ್ತದೆ. ಅಗೆದದ್ದನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಟುಹೋಗುವ ವಿದ್ವಾಂಸರ ನಡುವೆ ಅವರು ಬೇರೆಯಾಗಿ ನಿಲ್ಲುತ್ತಾರೆ.

ಅವರು ಹೇಳಿದ ಕಾಲಮಾನ ಹಾಗೇ ಉಳಿದಿಲ್ಲ. ಹೊಸ ರೇಡಿಯೊಕಾರ್ಬನ್ ಪರೀಕ್ಷೆಗಳು ಪೂರ್ವ ಪಾಲಿನೇಷ್ಯದ ವಲಸೆಯನ್ನು ಅವರು ಎಣಿಸಿದ್ದಕ್ಕಿಂತ ಶತಮಾನಗಳಷ್ಟು ಈಚೆಗೆ ತಂದಿವೆ. ಆದರೆ ಆ ಜನ ದಿಕ್ಕು ತಿಳಿದೇ ಹಾಯಿ ಬಿಚ್ಚಿದ್ದರೆಂಬುದನ್ನು ಈಗ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. 2017ರಲ್ಲಿ, 93ನೆಯ ವಯಸ್ಸಿನಲ್ಲಿ ಸಿನೊಟೊ ತೀರಿಕೊಂಡರು.