ವ್ಯಾಜ್ಯದ ಚಿಂತೆ ಮತ್ತು ಗರ್ಭಿಣಿಯ ಆರೈಕೆ

ಸೊಸೆಯೋ ಮಗಳೋ ಗರ್ಭಿಣಿಯಾದಳೆಂದರೆ ಮನೆಯ ಹಿರಿಯರೆಲ್ಲ ಆಕೆಯ ಊಟ, ನಿದ್ರೆ, ಬಯಕೆಗಳ ಕಡೆಗೆ ಲಕ್ಷ್ಯ ಕೊಡುವುದು ನಮ್ಮ ನಾಡಿನ ರೂಢಿ. ಆದರೆ ಅದೇ ಮನೆಯಲ್ಲಿ ಹೊಲ, ಮನೆ, ನಿವೇಶನಗಳ ಸಲುವಾಗಿ ದಾವೆಯೊಂದು ನಡೆಯುತ್ತಿದ್ದರೆ ಆ ಲಕ್ಷ್ಯ ಬೇಗನೆ ಬೇರೆಡೆಗೆ ಹರಿಯುತ್ತದೆ. ಮುಂದಿನ ವಾಯಿದೆ ಯಾವಾಗ, ವಕೀಲರು ಏನೆಂದರು, ಎದುರು ಪಕ್ಷದವರು ಏನು ಮಾಡಿದರು ಎಂಬುದೇ ಮನೆಯ ಮಾತಾಗುತ್ತದೆ. ಗರ್ಭಿಣಿಯೇ ಕಕ್ಷಿದಾರಳಾಗಿದ್ದರಂತೂ ಆಕೆಯ ಸಂಕಟ ಇಮ್ಮಡಿಯಾಗುತ್ತದೆ. ಇಂಥ ಸಂದರ್ಭದಲ್ಲಿ ತಾಯಿಯನ್ನೂ ಮಗುವನ್ನೂ ಕಾಪಾಡಿಕೊಳ್ಳುವ ಬಗೆ ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಎರಡು ಬೇರೆ ಬೇರೆ ಕಾಲಗಳು

ಗರ್ಭದ ಅವಧಿ ಸುಮಾರು 280 ದಿನಗಳು. ವ್ಯಾಜ್ಯಕ್ಕೆ ಅಂಥ ಲೆಕ್ಕವಿಲ್ಲ. ಬೆಳಗಾವಿಯಲ್ಲಿ ಮಗಳೊಬ್ಬಳು ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೇಳಿ 1992ರಲ್ಲಿ ಹೂಡಿದ ದಾವೆಯು, ಪ್ರಕಾಶ್ ವಿರುದ್ಧ ಫೂಲವತಿ ಎಂಬ ಪ್ರಕರಣವಾಗಿ, ಸುಪ್ರೀಂ ಕೋರ್ಟಿನ ತೀರ್ಪು ಕಂಡದ್ದು 2015ರ ಅಕ್ಟೋಬರ್ 16ರಂದು. ಆ ತೀರ್ಪು ಎತ್ತಿಹಿಡಿದ ತತ್ತ್ವವನ್ನೂ ಅದೇ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬದಲಿಸಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಇದೆಯೆಂದು ಸಾರಿತು.

ಹೀಗೆ ದಶಕಗಳ ಕಾಲ ನಡೆಯಬಲ್ಲ ಕಾರ್ಯದಲ್ಲಿ ಒಂಬತ್ತು ತಿಂಗಳ ಮಟ್ಟಿಗೆ ಒಬ್ಬಳ ಹೊರೆಯನ್ನು ಇಳಿಸುವುದು ಅಸಾಧ್ಯವಲ್ಲ. ದಾವೆಯ ಬಹುಪಾಲು ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬಹುದು, ಕೆಲವನ್ನು ಮುಂದಕ್ಕೆ ಹಾಕಬಹುದು. ಗರ್ಭವನ್ನು ಇನ್ನೊಬ್ಬರು ಹೊರಲಾಗದು, ಹೆರಿಗೆಯನ್ನು ಮುಂದೂಡಲೂ ಆಗದು. ಆದ್ದರಿಂದ ಈ ಅವಧಿಯಲ್ಲಿ ಗರ್ಭಿಣಿಯಿಂದಲೇ ಆಗಬೇಕಾದ ಕೆಲಸ ಯಾವುದು, ಇತರರಿಂದ ಆಗಬಹುದಾದದ್ದು ಯಾವುದು ಎಂದು ಮೊದಲು ವಿಂಗಡಿಸಿಕೊಳ್ಳಬೇಕು.

ಚಿಂತೆ ದೇಹದಲ್ಲಿ ಮಾಡುವ ಕೆಲಸ

ಭಯವಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸದೂತವು ಹೆಚ್ಚುತ್ತದೆ. ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಆದರೆ ಇದಕ್ಕಾಗಿ ತಾಯಂದಿರು ಗಾಬರಿಯಾಗಬೇಕಿಲ್ಲ. ಗರ್ಭದ ಮಾಸವು ತಾಯಿಯ ಕಾರ್ಟಿಸಾಲಿನ ಹೆಚ್ಚಿನ ಭಾಗವನ್ನು ನಿಷ್ಕ್ರಿಯಗೊಳಿಸಿ ಮಗುವನ್ನು ಕಾಯುತ್ತದೆ. ಸಮನ್ಸ್ ಬಂದ ದಿನ ಅತ್ತದ್ದರಿಂದ, ಪಾಟೀಸವಾಲಿನಲ್ಲಿ ಕೈಕಾಲು ನಡುಗಿದ್ದರಿಂದ ಮಗುವಿಗೆ ಕೇಡಾಯಿತೆಂದು ಕೊರಗುವುದು ತರವಲ್ಲ.

ಕೇಡು ಇರುವುದು ತಿಂಗಳುಗಟ್ಟಲೆ ಬಿಡದೆ ಕಾಡುವ ಚಿಂತೆಯಲ್ಲಿ. ಅಂಥ ದೀರ್ಘ ಒತ್ತಡಕ್ಕೂ ಅವಧಿಗೆ ಮುನ್ನ ಆಗುವ ಹೆರಿಗೆ ಹಾಗೂ ಕಡಿಮೆ ತೂಕದ ಶಿಶುಜನನಕ್ಕೂ ಸಂಬಂಧವಿರುವುದನ್ನು ವೈದ್ಯರು ಗಮನಿಸಿದ್ದಾರೆ. ಚಿಂತೆಯಲ್ಲಿ ನಿದ್ರೆ ಕೆಡುತ್ತದೆ, ಊಟ ತಪ್ಪುತ್ತದೆ, ಕಬ್ಬಿಣಾಂಶದ ಮಾತ್ರೆ ಮರೆಯುತ್ತದೆ, ತಪಾಸಣೆಯ ದಿನವೂ ವಾಯಿದೆಯ ದಿನವೂ ಒಂದೇ ಆದಾಗ ತಪಾಸಣೆಯೇ ಹಿಂದೆ ಬೀಳುತ್ತದೆ. ಹಾನಿಯ ಹೆಚ್ಚಿನ ಪಾಲು ಈ ದಾರಿಯಲ್ಲಿಯೇ ಬರುವುದರಿಂದ ಅದನ್ನು ತಡೆಯುವುದೂ ನಮ್ಮ ಕೈಯಲ್ಲಿದೆ.

ನ್ಯಾಯಾಲಯದ ಹೊರೆಯನ್ನು ಹಗುರಗೊಳಿಸುವ ಬಗೆ

ಸಮನ್ಸನ್ನು ನಿರಾಕರಿಸಬಾರದು, ಬಚ್ಚಿಡಲೂಬಾರದು. ಸಿವಿಲ್ ದಾವೆಯಲ್ಲಿ ಸಮನ್ಸ್ ಮುಟ್ಟಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಸಕಾರಣವಿದ್ದರೆ ನ್ಯಾಯಾಲಯವು ಇದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಈ ಒಂದು ಗಡುವನ್ನು ಪಾಲಿಸಿ ವಕಾಲತ್ತು ಕೊಟ್ಟ ಮೇಲೆ ಸಾಮಾನ್ಯವಾದ ವಾಯಿದೆಗಳಿಗೆ ವಕೀಲರು ಹಾಜರಾದರೆ ಸಾಕು. ಗರ್ಭಿಣಿಯು ಪ್ರತಿ ಸಲವೂ ಹೋಗಿ ಕಾಯಬೇಕಿಲ್ಲ. ಸಾಕ್ಷ್ಯ ನುಡಿಯುವ ಹಂತ ಬಂದಾಗ ಮುಖ್ಯ ಹೇಳಿಕೆಯನ್ನು ಪ್ರಮಾಣಪತ್ರದ ಮೂಲಕ ಕೊಡಬಹುದು. ದೇಹಸ್ಥಿತಿಯಿಂದ ಬರಲಾಗದಿದ್ದರೆ ವೈದ್ಯರ ಪತ್ರದೊಡನೆ ದಿನ ಬದಲಿಸಲು, ಕಮಿಷನರರ ಮುಂದೆ ಹೇಳಿಕೆ ಕೊಡಲು ಅಥವಾ ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಹಾಕಿಕೊಳ್ಳಬಹುದು. ತೀರ್ಮಾನ ನ್ಯಾಯಾಧೀಶರದು.

ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯಾಗಿದ್ದರೆ ಮಾತ್ರ ಎಚ್ಚರ ಹೆಚ್ಚು ಬೇಕು. ಅಲ್ಲಿ ಗೈರುಹಾಜರಿಗೆ ಮುಂಚಿತವಾಗಿ ವಿನಾಯಿತಿ ಕೋರದಿದ್ದರೆ ವಾರಂಟ್ ಹೊರಡುವ ಸಂಭವವಿದೆ. ಹೆರಿಗೆಯ ನಿರೀಕ್ಷಿತ ದಿನಾಂಕವನ್ನು ಮೊದಲೇ ವಕೀಲರಿಗೆ ತಿಳಿಸಿದ್ದರೆ ಇಂಥ ಅರ್ಜಿಗಳು ಸಕಾಲಕ್ಕೆ ಸಿದ್ಧವಾಗುತ್ತವೆ.

ಖರ್ಚಿನ ಚಿಂತೆಯೂ ಸಣ್ಣದಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೂ ಹರಿಹರದಲ್ಲಿ ತಾಲ್ಲೂಕು ಸಮಿತಿಯನ್ನೂ ಕೇಳಬಹುದು. 15100 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಎರಡೂ ಪಕ್ಷದವರಿಗೆ ಮನಸ್ಸಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗುವ ಮಾರ್ಗವಿದೆ. ಅಲ್ಲಿ ಇತ್ಯರ್ಥವಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳುತ್ತದೆ. ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಹೆರಿಗೆಯ ಆತುರದಲ್ಲಾಗಲಿ ಒತ್ತಾಯಕ್ಕಾಗಲಿ ಸಹಿ ಹಾಕಬಾರದು.

ಹೊಟ್ಟೆಯಲ್ಲಿರುವ ಮಗುವಿಗೆ ಏನು ಗತಿಯೆಂಬ ಚಿಂತೆ, ವಿಶೇಷವಾಗಿ ಪತಿಯನ್ನು ಕಳೆದುಕೊಂಡ ತಾಯಿಗೆ, ಸಹಜ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೆಯ ಕಲಮು ಇದಕ್ಕೆ ಉತ್ತರ ಹೇಳಿದೆ. ಉಯಿಲು ಬರೆಯದೆ ತಂದೆ ತೀರಿಕೊಂಡಾಗ ಗರ್ಭದಲ್ಲಿದ್ದು, ಅನಂತರ ಜೀವಂತವಾಗಿ ಜನಿಸಿದ ಮಗುವಿಗೆ, ಆ ಮೊದಲೇ ಹುಟ್ಟಿದ್ದ ಮಗುವಿಗಿರುವಷ್ಟೇ ಹಕ್ಕು ಇರುತ್ತದೆ.

ತವರಿನ ಮೇಲೆಯೇ ದಾವೆ ಇದ್ದಾಗ

ನಮ್ಮ ಭಾಗದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಪದ್ಧತಿ ಬಲವಾಗಿದೆ. ಅಣ್ಣತಮ್ಮಂದಿರೊಡನೆ ಪಾಲಿನ ದಾವೆ ನಡೆದಿರುವಾಗ ಕುಬುಸ ಯಾರು ಮಾಡಬೇಕು, ಬಾಣಂತನ ಎಲ್ಲಿ ಎಂಬ ಪ್ರಶ್ನೆಗಳು ಮಗಳನ್ನು ಕೋರ್ಟಿನ ಮಾತಿಗಿಂತ ಹೆಚ್ಚಾಗಿ ನೋಯಿಸುತ್ತವೆ. ಕಾನೂನಿನ ಹಕ್ಕು ಕೇಳಿದವಳು ತವರನ್ನು ಬಿಟ್ಟವಳಲ್ಲ. ಪಾಲಿನ ಮಾತು ಬೇರೆ, ಮಗಳ ಬಾಣಂತನ ಬೇರೆ ಎಂಬುದನ್ನು ಎರಡೂ ಮನೆಗಳ ಹಿರಿಯರು ಮನಗಾಣಬೇಕು. ತವರಿಗೆ ಹೋಗುವಂತಿದ್ದರೆ ಅಲ್ಲಿ ಇರುವಷ್ಟು ದಿನ ದಾವೆಯ ಮಾತು ಎತ್ತುವುದಿಲ್ಲವೆಂದು ಎಲ್ಲರೂ ಒಪ್ಪಿಕೊಳ್ಳಲಿ. ಹೋಗುವಂತಿಲ್ಲವಾದರೆ ಏಳನೆಯ ತಿಂಗಳೊಳಗಾಗಿ ಹೆರಿಗೆಯ ಆಸ್ಪತ್ರೆ, ಜೊತೆಗಿರುವವರು, ಬಾಣಂತನದ ಮನೆ ಇವನ್ನು ನಿಶ್ಚಯಿಸಿಬಿಡಬೇಕು. ಕೊನೆಯ ಗಳಿಗೆಯವರೆಗೂ ತವರಿನ ಕರೆಗಾಗಿ ಕಾಯುವ ನೋವು ಆಗ ಅರ್ಧ ಕಡಿಮೆಯಾಗುತ್ತದೆ.

ದಿನಚರಿಯಲ್ಲಿ ಪಾಲಿಸಬೇಕಾದದ್ದು

ಕಡತವನ್ನೂ ವಕೀಲರ ಕರೆಗಳನ್ನೂ ಮನೆಯ ಒಬ್ಬರು ವಹಿಸಿಕೊಳ್ಳಲಿ. ಗರ್ಭಿಣಿಯಿಂದ ಏನನ್ನೂ ಮುಚ್ಚಿಡುವುದು ಬೇಡ, ಅದರಿಂದ ಅನುಮಾನವೇ ಬೆಳೆಯುತ್ತದೆ. ವಾರದಲ್ಲಿ ಒಂದು ದಿನ ಹಗಲಿನಲ್ಲಿ ಅರ್ಧ ಗಂಟೆ ಕುಳಿತು ವಿಷಯವನ್ನು ತಿಳಿಸಿ, ಉಳಿದ ದಿನಗಳಲ್ಲಿ, ಮುಖ್ಯವಾಗಿ ರಾತ್ರಿಯ ಊಟದ ಮೇಲೆ, ಆ ಮಾತು ಬೇಡ.

ನ್ಯಾಯಾಲಯಕ್ಕೆ ಹೋಗಲೇಬೇಕಾದ ದಿನ ರೊಟ್ಟಿ ಪಲ್ಯ, ಮೊಸರನ್ನ, ಹಣ್ಣು, ನೀರು ಜೊತೆಗಿರಲಿ. ಮಂಡಕ್ಕಿ ಮೆಣಸಿನಕಾಯಿ ತಿಂದು ಚಹಾ ಕುಡಿದರೆ ಅದು ಗರ್ಭಿಣಿಯ ಊಟವಾಗದು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಡನೆ ತೆಗೆದುಕೊಂಡರೆ ಅದರ ಗುಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಮೂತ್ರವನ್ನು ತಡೆಯಬಾರದು. ದಾವಣಗೆರೆ ಹರಿಹರಗಳ ನಡುವೆ ಸುಮಾರು 14 ಕಿಲೋಮೀಟರ್ ದೂರವಿದ್ದರೂ ತುಂಬುತಿಂಗಳಲ್ಲಿ ಒಬ್ಬಳೇ ಹೊರಡಬಾರದು. ತಾಯಿ ಕಾರ್ಡು ಸದಾ ಕೈಚೀಲದಲ್ಲಿರಬೇಕು.

ಎದೆ ಡವಗುಟ್ಟಿದಾಗ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಉಸಿರನ್ನು ಕಟ್ಟಿ ಹಿಡಿಯಬಾರದು. ಹೀಗೆ ಐದು ನಿಮಿಷ ಮಾಡಿದರೆ ಎದೆಬಡಿತ ಇಳಿಯುತ್ತದೆ. ನಿತ್ಯ ಪೂಜೆಗೆ ಕುಳಿತುಕೊಳ್ಳುವ ತಾಯಂದಿರು ಅದರ ಮೊದಲಿಗೆ ಇದನ್ನು ಅಭ್ಯಾಸ ಮಾಡಿಕೊಳ್ಳಬಹುದು. ನಿದ್ರೆ ಬಾರದೆಂದು ವೈದ್ಯರನ್ನು ಕೇಳದೆ ಮಾತ್ರೆ ನುಂಗುವುದು ಸಲ್ಲದು.

ವೈದ್ಯರಲ್ಲಿಗೆ ಹೋಗಬೇಕಾದಾಗ

ಎರಡು ವಾರಕ್ಕೂ ಮೀರಿ ದುಃಖ ಬಿಡದಿದ್ದರೆ, ಊಟ ನಿದ್ರೆಗಳು ಬೇಡವಾದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ಅದನ್ನು ಬರಿಯ ಕೋರ್ಟಿನ ಚಿಂತೆಯೆಂದು ತಳ್ಳಿಹಾಕಬಾರದು. ನಮ್ಮಂಥ ದೇಶಗಳಲ್ಲಿ 100 ಗರ್ಭಿಣಿಯರಲ್ಲಿ ಸುಮಾರು 15 ಮಂದಿಗೆ ಖಿನ್ನತೆಯೇ ಮೊದಲಾದ ಮಾನಸಿಕ ತೊಂದರೆಗಳು ಬರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಾಗಲಿ ವೈದ್ಯರಿಗೆ ಮನಸ್ಸಿನ ಸ್ಥಿತಿಯನ್ನು ಸಂಕೋಚವಿಲ್ಲದೆ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಮಾತನಾಡಬಹುದು. ಬದುಕು ಸಾಕೆಂಬ ಮಾತು ಬಾಯಲ್ಲಿ ಬಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಊತ, ರಕ್ತಸ್ರಾವ, ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ರಕ್ತದೊತ್ತಡ 140/90ನ್ನು ಮುಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ಚಿಂತೆಯಿಂದ ಹೀಗಾಗಿದೆಯೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆ ಸೇರಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅಂದು ವಾಯಿದೆ ಇದ್ದರೆ ವಕೀಲರಿಗೆ ಒಂದು ಮಾತು ತಿಳಿಸಿದರೆ ಸಾಕು.

ಸದ್ಭಕ್ತರಲ್ಲಿ ನಾವು ಕೇಳಿಕೊಳ್ಳುವುದಿಷ್ಟೇ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ತಾಯಿಯೊಬ್ಬಳಿದ್ದರೆ ದಾವೆಯಲ್ಲಿ ಯಾರದು ಸರಿ ಯಾರದು ತಪ್ಪು ಎಂದು ಆಕೆಯ ಮುಂದೆ ತೂಗಬೇಡಿರಿ. ಉಂಡೆಯಾ ತಾಯಿ, ಮಲಗಿದೆಯಾ, ತಪಾಸಣೆಗೆ ಯಾವಾಗ ಹೋಗಬೇಕು, ನಾನು ಜೊತೆಗೆ ಬರಲೇ ಎಂದು ಕೇಳಿರಿ.