ಟೈರಿನ ಗಾಳಿ, ಬಂಕಿನ ಎಣ್ಣೆ, ಊರಿನ ನಂಬುಗೆ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಹೊಸದಾಗಿ ಕಾರು ಕೊಂಡವನಿಗೆ ಬಂಧುಮಿತ್ರರು ಹಾಕುವ ಮೊದಲ ಪ್ರಶ್ನೆ ಅದರ ಬಣ್ಣವನ್ನಾಗಲಿ ಬೆಲೆಯನ್ನಾಗಲಿ ಕುರಿತದ್ದಲ್ಲ, “ಎವರೇಜ್ ಎಷ್ಟ್ ಕೊಡ್ತದರಿ?” ಎಂಬುದೇ. ಪ್ರಶ್ನೆಯ ಬೆನ್ನಿಗೆ ಉಪದೇಶಗಳೂ ಬರುತ್ತವೆ. ಅವುಗಳಲ್ಲಿ ಹಲವು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹುಟ್ಟಿ, ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗಿ ಎರಡು ದಶಕಗಳು ಸಂದ ಮೇಲೂ ತಂದೆಯಿಂದ ಮಗನಿಗೆ, ಚಾಲಕನಿಂದ ಮಾಲೀಕನಿಗೆ ಬಳುವಳಿಯಾಗಿ ಇಳಿದು ಬಂದಿರುವಂಥವು.

ಇವೆಲ್ಲವುಗಳಲ್ಲಿ ಅತ್ಯಂತ ಅಪಾಯಕರವಾದುದು, ಬೇಸಿಗೆಯಲ್ಲಿ ಟೈರಿನ ಗಾಳಿಯನ್ನು ತುಸು ಇಳಿಸಬೇಕೆಂಬ ನಂಬುಗೆ. ಬಿಸಿಲು 40 ಡಿಗ್ರಿಯನ್ನು ದಾಟಿ, ಡಾಂಬರು ಅದಕ್ಕಿಂತಲೂ ಕಾದು, ಗಾಳಿಯು ಶಾಖದಿಂದ ಹಿಗ್ಗುತ್ತದೆಂಬುದನ್ನು ಶಾಲೆಯಲ್ಲಿ ಓದಿದ್ದ ಮನುಷ್ಯನು, ಹಿಗ್ಗಿದ ಗಾಳಿ ಟೈರನ್ನು ಒಡೆದೀತೆಂದು ಅಂಜಿದರೆ ಆ ತರ್ಕದಲ್ಲಿ ಮೇಲ್ನೋಟಕ್ಕೆ ದೋಷವೇನೂ ಕಾಣದು. ಆದರೆ ಓಟದ ಬಿಸಿಗೆ ಏರುವ ಮೂರುನಾಲ್ಕು ಅಂಕದ ಒತ್ತಡವನ್ನು ಟೈರು ತಯಾರಿಸಿದವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಒತ್ತಡ ಸಾಲದ ಟೈರಾದರೋ, ಪ್ರತಿಯೊಂದು ಸುತ್ತಿನಲ್ಲಿಯೂ ತನ್ನ ಪಕ್ಕದ ಮೈಯನ್ನು ಬಾಗಿಸಿ ಮತ್ತೆ ಸೆಟೆಸುತ್ತ, ಆ ಬಾಗುವಿಕೆಯಿಂದಲೇ ಒಳಗೆ ಉಷ್ಣವನ್ನು ಉತ್ಪಾದಿಸಿಕೊಂಡು, ಕಡೆಗೆ ನೂಲಿನ ಪದರಗಳು ಸಡಿಲಿ ಸಿಡಿಯುತ್ತದೆ. ಯಾದಗಿರಿಯಿಂದ ಭೀಮಾ ಸೇತುವೆಯನ್ನು ದಾಟಿ ಶಹಾಪುರ ಮುಟ್ಟಿದೊಡನೆ ಇಳಿದು ಟೈರುಗಳ ಪಕ್ಕಕ್ಕೆ ಅಂಗೈ ಇಟ್ಟು ನೋಡಿರಿ: ಗಾಳಿ ಕಡಮೆಯಿರುವ ಟೈರು ತನ್ನ ಜೊತೆಯದಕ್ಕಿಂತ ಹೆಚ್ಚು ಸುಡುತ್ತಿರುತ್ತದೆ. ಆ ಹೆಚ್ಚಿನ ಶಾಖವೇ ನೀವು ಹಣ ಕೊಟ್ಟು ತುಂಬಿಸಿದ ಪೆಟ್ರೋಲು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ಒತ್ತಡವನ್ನೇ, ಟೈರು ತಣ್ಣಗಿರುವ ಮುಂಜಾನೆಯಲ್ಲಿ ತುಂಬಿಸತಕ್ಕದ್ದು. ಮಧ್ಯಾಹ್ನ ಕಾದ ಟೈರನ್ನು ಅಳೆದು “ಜಾಸ್ತಿ ಅದ” ಎಂದು ಪಂಕ್ಚರ್ ಅಂಗಡಿಯವನು ಗಾಳಿ ಬಿಡಹೊರಟರೆ ಕೈ ಹಿಡಿಯಬೇಕು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಜಾರಿಬಿಟ್ಟರೆ ಎಣ್ಣೆ ಉಳಿಯುತ್ತದೆಂಬುದು ಮತ್ತೊಂದು ಪ್ರಾಚೀನ ವಿಶ್ವಾಸ. ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ವಾಸಿಸಿದ ಬಂಗಲೆಯನ್ನು ಕಂಡು ಇಳಿಯುವವರಲ್ಲಿ ಇದನ್ನು ಮಾಡುವವರು ವಿರಳರಲ್ಲ. ಕಾರ್ಬ್ಯುರೇಟರಿನ ಕಾಲದಲ್ಲಿ ಇದರಲ್ಲಿ ಸತ್ಯಾಂಶವಿತ್ತೆಂಬುದನ್ನು ಒಪ್ಪಲೇಬೇಕು. ಈಗಿನ ಇಂಜಿನ್ನಾದರೋ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ, ಚಕ್ರಗಳೇ ತನ್ನನ್ನು ತಿರುಗಿಸುತ್ತಿರುವುದನ್ನು ಅರಿತು, ವೇಗವು ತೀರ ಕುಗ್ಗುವವರೆಗೂ ಇಂಧನವನ್ನು ಪೂರ್ಣವಾಗಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲಿನಲ್ಲಿಯಾದರೆ ತಾನು ಆರಿಹೋಗದಂತೆ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಇಂಜಿನ್ನಿನ ಹಿಡಿತವೂ ತಪ್ಪಿ ಇಡೀ ಭಾರವು ಬ್ರೇಕಿನ ಮೇಲೆ ಬೀಳುತ್ತದೆ.

ಪೆಟ್ರೋಲ್ ಬಂಕಿನ ಮೂಢನಂಬಿಕೆಗಳಿಗೆ ಇಷ್ಟು ವಿಸ್ತಾರ ಬೇಡ. ಮುಂಜಾನೆಯ ತಂಪಿನಲ್ಲಿ ಹಾಕಿಸಿದರೆ ಎಣ್ಣೆ ದಟ್ಟವಾಗಿರುತ್ತದೆ ಎನ್ನುವವರು ಬಂಕಿನ ಟ್ಯಾಂಕು ನೆಲದಡಿಯಲ್ಲಿರುವುದನ್ನು ಮರೆಯುತ್ತಾರೆ. ಅಲ್ಲಿನ ಉಷ್ಣತೆ ಹಗಲಿರುಳಿನ ನಡುವೆ ಹೆಚ್ಚು ಬದಲಾಗದು, ಒಂದು ಡಿಗ್ರಿ ಬದಲಾದರೂ ಪೆಟ್ರೋಲು ಹಿಗ್ಗುವುದು ಸಾವಿರಕ್ಕೆ ಒಂದು ಭಾಗದಷ್ಟೇ. 500ರ ಬದಲು 510 ರೂಪಾಯಿಗೆ ಹಾಕಿಸುವ ಜಾಣ್ಮೆಯೂ ವ್ಯರ್ಥವೇ. ಅಳತೆಯಲ್ಲಿ ಸಂಶಯವಿದ್ದರೆ ಬಂಕಿನಲ್ಲಿರುವ ಮುದ್ರೆಯೊತ್ತಿದ 5 ಲೀಟರಿನ ಮಾಪನಪಾತ್ರೆಯನ್ನು ತರಿಸಿ ಎದುರಿಗೇ ಅಳೆಯಿಸುವ ಹಕ್ಕು ಗ್ರಾಹಕನಿಗಿದೆ. ಆ ಹಕ್ಕನ್ನು ಚಲಾಯಿಸುವ ಧೈರ್ಯಕ್ಕಿಂತ ಹತ್ತು ರೂಪಾಯಿ ಹೆಚ್ಚು ಕೊಡುವ ಸಂಕೋಚವೇ ನಮ್ಮ ಜನಕ್ಕೆ ಹಗುರವೆನಿಸಿರಬೇಕು!

ಎಥನಾಲ್ ಬೆರೆತ ಪೆಟ್ರೋಲಿನಿಂದ ಎವರೇಜು ಅರ್ಧಕ್ಕೆ ಇಳಿಯಿತೆಂಬ ಕೂಗಿನಲ್ಲಿ ಸತ್ಯಕ್ಕಿಂತ ಉತ್ಪ್ರೇಕ್ಷೆಯ ಪಾಲು ಹಿರಿದು. ಶೇ. 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆಯಾದುದರಿಂದ, ಹಳೆಯ ಕಾರುಗಳಲ್ಲಿ ಶೇ. 6-7ರಷ್ಟು ಇಳಿತವನ್ನು ನೀತಿ ಆಯೋಗದ ವರದಿಯೇ ಒಪ್ಪಿಕೊಂಡಿತ್ತು; ಅರ್ಧದ ಮಾತನ್ನು ಯಾವ ಲೆಕ್ಕವೂ ಹೇಳದು. ಅದಕ್ಕಿಂತ ಬಹಳ ಹೆಚ್ಚನ್ನು ನುಂಗುವುದು ವೇಗ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸುರಪುರವನ್ನು ಬಿಟ್ಟು ತಿಂಥಣಿ ಸೇತುವೆಯ ಕಡೆಗೆ 100ರಲ್ಲಿ ಧಾವಿಸುವವನು, 70ರಲ್ಲಿ ಹೋಗುವವನ ಎರಡರಷ್ಟು ಗಾಳಿಯೊಡನೆ ಸೆಣಸುತ್ತಾನೆ. ಗಳಿಸುವುದು ಕೆಲವೇ ನಿಮಿಷ.

ಎಣ್ಣೆಯ ಮಾತು ಹಾಗಿರಲಿ; ಡೀಸೆಲ್ ಕಾರೇ ಯಾವಾಗಲೂ ಅಗ್ಗವೆಂಬ ಎಣಿಕೆ ನಮ್ಮ ಹತ್ತಿ, ತೊಗರಿ ವ್ಯಾಪಾರಸ್ಥರಲ್ಲಿ ಇಂದಿಗೂ ಅಚಲ. ಕೊಳ್ಳುವಾಗ ಒಂದು ಲಕ್ಷ ಹೆಚ್ಚು ತೆತ್ತು, ಕಿಲೋಮೀಟರಿಗೆ ಎರಡು ರೂಪಾಯಿ ಉಳಿಸಿದರೂ ಆ ಲಕ್ಷವು ಮರಳಲು 50,000 ಕಿಲೋಮೀಟರು ಓಡಬೇಕು. ವರ್ಷಕ್ಕೆ ಐದು ಸಾವಿರ ಓಡಿಸುವವನಿಗೆ ಅದು ಹತ್ತು ವರ್ಷಗಳ ಮಾತು. ಅಲ್ಲದೆ, 2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಒಂದಿದ್ದು, ಕಾರು ಹೆದ್ದಾರಿಯಲ್ಲಿ ಕೆಲಕಾಲ ನಿಲ್ಲದೆ ಓಡಿದಲ್ಲದೆ ಆ ಮಸಿಯು ಚೆನ್ನಾಗಿ ಉರಿದುಹೋಗದು. ಮನೆಗೂ ಅಡತಿ ಅಂಗಡಿಗೂ ನಡುವೆ ಮಾತ್ರ ತಿರುಗುವ ಕಾರಿನಲ್ಲಿ ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿತೆಂದರೆ, ಡೀಸೆಲಿನಲ್ಲಿ ಉಳಿಸಿದ ಹಣವನ್ನು ಗ್ಯಾರೇಜಿನಲ್ಲಿ ಎಣಿಸಿಕೊಡಬೇಕಾಗುತ್ತದೆ.