ಮಿಂಬರಿನಿಂದ ಇಳಿದು ನಡೆದ ಇಮಾಮ್

ಸಹೋದರರೇ, ಮನುಷ್ಯನ ಹಿರಿಮೆ ಬಣ್ಣದಲ್ಲಿಲ್ಲ, ತಕ್ವಾದಲ್ಲಿದೆ ಎಂಬ ಸೂರಃ ಅಲ್‌ಹುಜುರಾತ್‌ನ ಬೋಧನೆಯನ್ನು ನಾವು ಎಷ್ಟೋ ಖುತ್ಬಾಗಳಲ್ಲಿ ಕೇಳಿದ್ದೇವೆ. ಅದನ್ನು ಬಾಳಿ ತೋರಿಸಿದವರು ದಕ್ಷಿಣ ಆಫ್ರಿಕಾದ ಇಮಾಮ್ ಅಬ್ದುಲ್ಲಾ ಹಾರೂನ್.

1955ರಲ್ಲಿ ಅವರು ಕೇಪ್‌ಟೌನಿನ ಕ್ಲೇರ್‌ಮಾಂಟ್‌ನಲ್ಲಿರುವ ಅಲ್‌ಜಾಮಿಯಾ ಮಸೀದಿಯ ಇಮಾಮರಾದರು. ಯಾರು ಎಲ್ಲಿ ವಾಸಿಸಬೇಕೆಂದು ವರ್ಣಭೇದದ ಸರಕಾರವೇ ತೀರ್ಮಾನಿಸುತ್ತಿದ್ದ ಕಾಲವದು. ಅಲ್ಲಿನ ಹೆಚ್ಚಿನ ಮುಸ್ಲಿಮರನ್ನು ಕಾನೂನು ಬಿಳಿಯರಿಗಿಂತ ಕೆಳಗೆ, ಆದರೆ ಕಪ್ಪು ಜನರಿಗಿಂತ ಒಂದು ಹಂತ ಮೇಲೆ ಇಟ್ಟಿತ್ತು. ಬಾಯಿ ಮುಚ್ಚಿಕೊಂಡಿರಲು ಆ ಒಂದು ಹಂತವೇ ಸಾಕಾಗಿತ್ತು.

ಹಾರೂನ್ ಸುಮ್ಮನಿರಲಿಲ್ಲ. ಜೀವನೋಪಾಯಕ್ಕೆ ಅವರು ಮಿಠಾಯಿ ಕಂಪೆನಿಯೊಂದರ ಮಾರಾಟಗಾರರಾಗಿದ್ದರು. ಆ ಕೆಲಸದ ದಾರಿಯಲ್ಲೇ ಲಂಗಾ, ಗುಗುಲೆತು, ನ್ಯಾಂಗಾದ ಕಪ್ಪು ಜನರ ಕೇರಿಗಳಿಗೆ ಹೋಗಿ ಬೆರೆತರು. ಸೆರೆಯಾದ ಹೋರಾಟಗಾರರ ಕುಟುಂಬಗಳಿಗೆ ನೆರವು ಮುಟ್ಟಿಸಿದರು.

1969ರ ಮೇ 28ರಂದು ಅವರನ್ನು ಬಂಧಿಸಲಾಯಿತು. 123 ದಿನಗಳ ಏಕಾಂತ ಸೆರೆಯ ಬಳಿಕ, ಸೆಪ್ಟೆಂಬರ್ 27ರಂದು ಅವರು ಮೃತಪಟ್ಟರು. ಮೆಟ್ಟಿಲಿನಿಂದ ಬಿದ್ದರೆಂದು ಪೊಲೀಸರು ಹೇಳಿದರು. ಚಿತ್ರಹಿಂಸೆಯೇ ಕಾರಣವೆಂದು ನ್ಯಾಯಾಲಯ ಹೇಳಿದ್ದು 2023ರಲ್ಲಿ.

ಅವರನ್ನು ನಾಯಕರನ್ನಾಗಿಸಿದ್ದು ಮೂರು ಗುಣ. ನೊಂದವರ ಬಾಗಿಲಿಗೆ ಕರೆದೊಯ್ದ ಕರುಣೆ, ನೆರವನ್ನು ತಲುಪಬೇಕಾದಲ್ಲಿಗೆ ತಲುಪಿಸಿದ ಅಮಾನತ್, ಸೆರೆಮನೆಯಲ್ಲಿನ ಸಬ್ರ್.

ನನಗೆ ನೋವಾದಾಗ ನ್ಯಾಯ ಕೇಳುವುದು ಸುಲಭ. ನನಗಿಂತ ಕೆಳಗಿಡಲ್ಪಟ್ಟವನಿಗಾಗಿ ಕೇಳುವುದು ಈಮಾನಿನ ಪರೀಕ್ಷೆ. ಮಿಂಬರಿನ ಮೇಲೆ ನಿಲ್ಲುವ ನನಗೆ ಈ ಪ್ರಶ್ನೆ ಮೊದಲು, ನಿಮಗೆ ಆಮೇಲೆ: ನಮ್ಮ ಊರಿನ ಯಾವ ಕೇರಿಗೆ ನಾವು ಇನ್ನೂ ಕಾಲಿಟ್ಟಿಲ್ಲ?

ಅಲ್ಲಾಹನು ನಮಗೆ ಆ ಧೈರ್ಯ ನೀಡಲಿ, ಆಮೀನ್.